ಸಾಹೇಬರ ಮಹಿಳಾ ಬಳಗ

"ಎದೆ ಹಾಲು ಕಟ್ಕೊಂಡ್ರೂ ನಿಂಗೆ ಹ್ಯಾಕರೇ ಕಾಣ್ತಾನಾ? ಮುಚ್ಚೇ ಅದನ್ನ, ಮುಚ್ಚು!"

ಸಾಹೇಬ ಹೀಗೆ ಕೂಗಿದಾಗ, ಬೇರೆ ಸಂಸ್ಥೆಗಳ ಕಂಪ್ಯೂಟರುಗಳನ್ನು ಕಾಯುವ ನಮ್ಮ ಕಂಪನಿಯ ಕಾವಲು ಕೋಣೆಯಲ್ಲಿ ನಾವು ಎಂಟು ಹೆಂಗಸರು, ಇಬ್ಬರು ಗಂಡಸರು ಇದ್ದೆವು. ಗಂಡಸರು ಕಿಸಕ್ಕೆಂದರು. ಅಕ್ಕ ಮಾತ್ರ ಪರದೆಯ ಮೇಲಿನ ಕೆಂಪು ಸಾಲಿನಿಂದ ಬೆರಳು ತೆಗೆಯಲಿಲ್ಲ. ನಮ್ಮೆಲ್ಲರಿಗಿಂತ ಹಿರಿಯಳು, ಮೂರು ತಿಂಗಳ ಬಾಣಂತಿ.

"ಸರ್, ಆಸ್ಪತ್ರೆಯವರ ಕಂಪ್ಯೂಟರಿಂದ ರೋಗಿಗಳ ಕಡತ ಯಾರೋ ಹೊರಗೆ ಎಳೀತಿದಾರೆ. ಸಂಪರ್ಕ ಕಡಿಯೋಕೆ ಅಪ್ಪಣೆ ಕೊಡಿ. ಎರಡು ನಿಮಿಷದ ಕೆಲಸ."

"ಎರಡು ನಿಮಿಷ ಸಂಪರ್ಕ ನಿಂತ್ರೆ ಆಸ್ಪತ್ರೆಯವ್ರು ನನ್ನ ಪ್ರಾಣ ತಿಂತಾರೆ. ಸುಳ್ಳು ಎಚ್ಚರಿಕೆ ಅಂತ ಬರ್ದು ಮುಚ್ಚು. ಏಳ್ರೇ ಎಲ್ಲ, ಸಭಾಂಗಣಕ್ಕೆ ನಡೀರಿ. ಫೋಟೋದಲ್ಲಿ ಒಂದು ಹೆಣ್ಣೂ ಕಮ್ಮಿ ಆಗ್ಬಾರ್ದು."

ಅಂದು ಸೈಬರ್ ಭದ್ರತೆಯ ಮಹಿಳೆಯರಿಗಾಗಿ ಆಸರೆ ಬಳಗದ ಉದ್ಘಾಟನೆ. ಹೆಂಗಸರ ಮೇಲೆ ಇನ್ನಷ್ಟು ಹೊರೆ ಹಾಕುವುದು ತರವಲ್ಲವೆಂದು ಅದರ ಅಧ್ಯಕ್ಷಗಿರಿಯನ್ನು ಸಾಹೇಬ ತಾನೇ ಹೊತ್ತುಕೊಂಡಿದ್ದ. ಬಳಗದ ಮೊದಲ ಸಾಧನೆಯಾಗಿ 'ತಾಯಂದಿರ ಕೋಣೆ' ಎಂಬ ಬೋರ್ಡು ಬಂದಿತ್ತು. ಒಳಗೆ ಕೆಟ್ಟ ಕೀಬೋರ್ಡುಗಳ ರಾಶಿ. ಬೀಗದ ಕೈ ಸಾಹೇಬನ ಜೇಬಿನಲ್ಲಿ. ಅಕ್ಕ ಶೌಚಾಲಯದ ಚಿಲಕ ಹಾಕಿಕೊಂಡು ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದಳು. ಅವತ್ತು ಅದಕ್ಕೂ ಬಿಡುವು ಸಿಗಲಿಲ್ಲ. ಬಟ್ಟೆ ಒದ್ದೆಯಾಗಿತ್ತು. ಕೊಟ್ಟ ಹೂಗುಚ್ಛವನ್ನೇ ಎದೆಗೆ ಅಡ್ಡ ಹಿಡಿದು ಫೋಟೋಗೆ ನಿಂತಳು.

ಮನೆ ಕಾಯುವ ಹೆಣ್ಣಿಗೆ ಕಂಪ್ಯೂಟರು ಕಾಯುವುದನ್ನು ಯಾರೂ ಕಲಿಸಬೇಕಿಲ್ಲ ಎಂದು ಅತಿಥಿ ಹೇಳಿದಾಗ ನಾವು ಚಪ್ಪಾಳೆ ತಟ್ಟಿದೆವು. ಅತ್ತ ನಮ್ಮ ಎಂಟು ಕುರ್ಚಿಗಳು ಖಾಲಿ. ಗಂಡಸರಿಬ್ಬರೂ ಊಟಕ್ಕೆ ಎದ್ದಿದ್ದರು. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ನಾವು ವಾಪಸು ಬಂದಾಗ ಆಸ್ಪತ್ರೆಯಲ್ಲಿ ಕದಿಯಲು ಏನೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಬಳಗದ ಮೊದಲ ಸಭೆ. ಸಿಬ್ಬಂದಿ ವಿಭಾಗದ ಮೇಡಂ ಅಕ್ಕನ ಬೆನ್ನು ಸವರಿದರು.

"ಬಳಗ ಇರೋದೇ ಇಂಥ ಹೊತ್ತಿಗೆ ಪುಟ್ಟಾ. ನಾವೆಲ್ಲ ನಿನ್ನ ಹಿಂದೆ ಇದೀವಿ. ಇಲ್ಲೊಂದು ಸಹಿ ಹಾಕ್ಬಿಡು."

ಬಾಣಂತನದ ಆಯಾಸದಲ್ಲಿ ತಾನು ಎಚ್ಚರಿಕೆಯನ್ನು ಗಮನಿಸಲಿಲ್ಲವೆಂದೂ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿರುವುದಾಗಿಯೂ ಕಾಗದದಲ್ಲಿತ್ತು.

ಅಕ್ಕ ಎರಡು ಸಲ ಓದಿದಳು. "ಹಿಂದೆ ಇರೋದು ಗೊತ್ತಾಯ್ತು ಮೇಡಂ. ತಳ್ಳೋಕೆ ಅಲ್ಲಿಂದ್ಲೇ ಸುಲಭ."

ಅಷ್ಟನ್ನೂ ಹೊಡೆದುಹಾಕಿ ಕೆಳಗೆ ಬರೆದಳು: 'ನಿನ್ನೆ ಹನ್ನೊಂದು ಹತ್ತಕ್ಕೆ ಹೇಳಿದೆ. ಸಾಹೇಬರು ಮುಚ್ಚು ಎಂದರು.' ಸಹಿ ಹಾಕಿ ಪಕ್ಕಕ್ಕೆ ಸರಿಸಿದಳು. ಪಕ್ಕದವಳು 'ನಾನೂ ಕೇಳಿಸಿಕೊಂಡೆ' ಎಂದು ಬರೆದಳು. ಅದರಾಚೆಯವಳೂ ಬರೆದಳು. ಹೀಗೆ ಆರು ಜನ. ಕೊನೆಗೆ ಕಾಗದ ನನ್ನ ಮುಂದೆ ಬಂತು.

ಮುಂದಿನ ವಾರ ಅಮ್ಮನ ಕಣ್ಣಿನ ಆಪರೇಷನ್. ಅದು ಆಗಬೇಕಿದ್ದದ್ದು ಕಂಪನಿಯ ವಿಮೆಯಲ್ಲೇ.

"ನನ್ನ ಪಾಳಿ ಶುರುವಾಯ್ತು," ಎಂದು ಎದ್ದುಬಿಟ್ಟೆ.

"ಹೋಗ್ಲಿ ಬಿಡ್ರೇ, ಅವಳ ಕಷ್ಟ ಅವಳಿಗೆ," ಎಂದು ಅಕ್ಕ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಬೈದಿದ್ದರೆ ವಾಸಿಯಿತ್ತು.

ಗಂಡಸರಿಬ್ಬರದೂ ಅಂದು ರಾತ್ರಿ ಪಾಳಿ. ಮಧ್ಯಾಹ್ನ ಏಳೂ ಜನ ಊಟಕ್ಕೆ ಹೋಗಿ ನಾನೊಬ್ಬಳೇ ಇದ್ದಾಗ ಸಾಹೇಬ ಫೋನ್ ಮಾಡಿದ.

"ನೀನೊಬ್ಳೇ ಬುದ್ಧಿವಂತೆ. ಆ ಏಳು ಮುಂಡೇವು ತಿಂದು ಬರೋದ್ರೊಳಗೆ ಅವುಗಳ ಕಾರ್ಡು, ಪಾಸ್‌ವರ್ಡು ಎಲ್ಲ ಕಿತ್ತಾಕು. ಪಟ್ಟಿ ಮೇಲ್ ಮಾಡಿದೀನಿ. ನಿನ್ನನ್ನ ಬಳಗದ ಕಾರ್ಯದರ್ಶಿ ಮಾಡ್ತೀನಿ."

ಪಟ್ಟಿ ತೆರೆದೆ. ಅಕ್ಕನ ಹೆಸರೇ ಮೊದಲು. ಹೆಸರಿಗೊಂದು ಗುಂಡಿ ಒತ್ತಿದರೆ ಮುಗಿಯಿತು. ಒತ್ತಲು ಹೋದ ಬೆರಳು ನಿಂತಿತು. ಕಾವಲಿನವರನ್ನೆಲ್ಲ ಒಟ್ಟಿಗೆ ತೆಗೆಯಿರಿ ಎಂಬ ಆದೇಶ ಬಂದರೆ, ಕಳಿಸಿದವರ ಖಾತೆ ಕಳ್ಳರ ಕೈಸೇರಿದೆಯೆಂದೇ ತಿಳಿಯಬೇಕು. ಮೊದಲು ಆ ಖಾತೆಗೂ ಕಾರ್ಡಿಗೂ ಬೀಗ, ಆಮೇಲೆ ವಿಚಾರಣೆ. ಇದು ನಮ್ಮ ಕೋಣೆಯ ನಿಯಮ. ಅದರ ಕೆಳಗೆ ಸಾಹೇಬನದೇ ಸಹಿಯಿತ್ತು.

ನಿಯಮ ಪಾಲಿಸಿದೆ.

ಐದು ನಿಮಿಷಕ್ಕೆ ಸಾಹೇಬ ಗಾಜಿನ ಬಾಗಿಲಾಚೆ ಕಾರ್ಡು ಉಜ್ಜುತ್ತ ನಿಂತಿದ್ದ. ಕೆಂಪು ದೀಪ. ಮತ್ತೆ ಉಜ್ಜಿದ. ಮತ್ತೆ ಕೆಂಪು. ಫೋನ್ ಹೊಡೆದುಕೊಂಡಿತು.

"ಏನೇ ಇದು? ನಾನೇ ಕಣೇ, ತೆಗಿ!"

"ದನೀನೂ ನಕಲು ಮಾಡ್ತಾರೆ ಸರ್ ಈಗ. ನೀವು ನೀವೇ ಅಂತ ಖಾತ್ರಿ ಆಗೋವರ್ಗೂ ಬಿಡೋ ಹಾಗಿಲ್ಲ." ಫೋನಿಟ್ಟುಬಿಟ್ಟೆ.

ಅಷ್ಟರಲ್ಲಿ ಏಳೂ ಜನ ಊಟ ಮುಗಿಸಿ ಬಂದರು. ಒಬ್ಬೊಬ್ಬರೇ ಕಾರ್ಡು ತೋರಿಸಿ ಒಳಗೆ ಬಂದರು. ಕೊನೆಯವಳಾದ ಅಕ್ಕನ ಹಿಂದೆಯೇ ಸಾಹೇಬ ನುಗ್ಗಲು ನೋಡಿದ.

"ಒಬ್ರ ಕಾರ್ಡಲ್ಲಿ ಇನ್ನೊಬ್ರು ಬರೋ ಹಾಗಿಲ್ಲ ಸರ್," ಎಂದು ಅಕ್ಕ ಬಾಗಿಲೆಳೆದುಕೊಂಡಳು.

ನನ್ನ ಪರದೆ ನೋಡಿದವಳಿಗೆ ಎಲ್ಲ ಅರ್ಥವಾಯಿತು. "ಎಷ್ಟೊತ್ತಿದೆ?"

"ಮೇಲಿನೋರಿಗೆ ಹೇಳಿ ಬೀಗ ತೆಗೆಸ್ಕೊಳೋಕೆ ಅರ್ಧ ಗಂಟೆ ಆಗ್ಬೋದು."

"ಸಾಕು. ಆಸ್ಪತ್ರೆಯವ್ರಿಗೆ ಬೆಳಿಗ್ಗೆ ಬರೆದ ಕಾಗದ ಕಳ್ಸೋಣ. ಪಾಪ, ಅವ್ರ ಹತ್ರ ಇನ್ನೂ ಯಾರೂ ನಿಜ ಹೇಳಿಲ್ಲ."

ಚೀಲದಿಂದ ಕಾಗದ ತೆಗೆದಳು. ನಾನು ಕೈ ಚಾಚಿದೆ. ಅಕ್ಕ ಪೆನ್ನು ಕೊಡದೆ ಒಂದು ಗಳಿಗೆ ಹಿಡಿದುಕೊಂಡಳು.

"ಅಮ್ಮನ ಕಣ್ಣು?"

"ಗೊತ್ತಿಲ್ಲ ಅಕ್ಕಾ," ಎಂದು ಪೆನ್ನು ಕಿತ್ತುಕೊಂಡು ಸಹಿ ಹಾಕಿದೆ.

ಹೊರಗೆ ಸಾಹೇಬ ಎರಡೂ ಕೈಯಲ್ಲಿ ಗಾಜು ಬಡಿಯುತ್ತಿದ್ದ. ಗಾಜು ದಪ್ಪ, ಬಾಯಿ ಆಡುವುದಷ್ಟೇ ಕಾಣುತ್ತಿತ್ತು.