ಆಶ್ರಿತ್‌ನ ಹದಿನೆಂಟು ಎಚ್‌ಪಿ

ಮಗ ಕಾರಿಗೆ ಹಾಕಿದ ಹೊಸ ಸಾಮಾನಿನಿಂದ ಬಲ ಎಷ್ಟು ಹೆಚ್ಚಿತೋ ಅಳೆದುಕೊಡಿ ಎಂದು ಸುಧೀಂದ್ರ ಅವರು ಫೋನು ಮಾಡಿದಾಗ ನಾನು ಮೊದಲು ಕೇಳಿದ್ದು, ಕಾರಿನ ಜೊತೆ ಬಂದಿದ್ದ, ಎಂಜಿನ್ನಿಗೆ ಗಾಳಿ ಒಯ್ಯುವ ಹಳೆಯ ಪೈಪು, ಹಳೆಯ ಸೈಲೆನ್ಸರ್ ಇಟ್ಟುಕೊಂಡಿದ್ದೀರಾ ಎಂದು. ಇವೆ, ಮಗನೇ ಡಬ್ಬದಲ್ಲಿ ಹಾಕಿ ಮೇಲೆ ಬರೆದಿಟ್ಟಿದ್ದಾನೆ ಎಂದರು. ಹಾಗಾದರೆ ಮಗನನ್ನೂ ಕರೆದುಕೊಂಡು ಬನ್ನಿ ಎಂದೆ. ಅವನು ತೀರಿಕೊಂಡು ಐದು ತಿಂಗಳಾಯಿತು ಎಂದು ಅವರು ಆಗ ಹೇಳಿದರು.

ಆಸ್ಟಿನ್ ನಗರದಿಂದ ಎರಡೂವರೆ ಗಂಟೆಯ ದಾರಿಯ ಸೈಪ್ರೆಸ್ ಊರಿನಲ್ಲಿ ನನ್ನ ತಂಗಿಯ ಮಗ ಕಲ್ಮೇಶನ ಗ್ಯಾರೇಜಿದೆ. ಅಲ್ಲಿ ಡೈನೊ ನಡೆಸುವುದು ನನ್ನ ಕೆಲಸ. ಕಾರಿನ ಚಕ್ರಗಳನ್ನು ನೆಲದೊಳಗಿನ ರೋಲರುಗಳ ಮೇಲೆ ನಿಲ್ಲಿಸಿ, ಬೆಲ್ಟು ಬಿಗಿದು, ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಚಕ್ರದವರೆಗೆ ಎಷ್ಟು ಎಚ್‌ಪಿ ಬಲ ಬಂದು ಮುಟ್ಟಿತೆಂದು ಪರದೆ ತೋರಿಸುತ್ತದೆ. ಹುಬ್ಬಳ್ಳಿಯಲ್ಲಿ ಲಾರಿ ಎಂಜಿನ್ ಬಿಚ್ಚುತ್ತಿದ್ದಾಗ ನಾವು ಕಿವಿಯನ್ನೇ ನಂಬುತ್ತಿದ್ದೆವು. ಕಿವಿ ಮೋಸ ಹೋಗುತ್ತದೆ. ಸದ್ದು ದಪ್ಪಗಾದರೆ ಗಾಡಿಗೆ ಬಲ ಬಂತು ಅನ್ನಿಸಿಬಿಡುತ್ತದೆ.

ಶನಿವಾರ ಬೆಳಿಗ್ಗೆ ಗಂಡಹೆಂಡತಿ ಜಾರ್ಜ್‌ಟೌನ್‌ನಿಂದ ಮಗನ ಕಾರಿನಲ್ಲೇ ಬಂದರು. ಹೆಂಡತಿ ಮಧುರಾ ಒಂದು ಕುರ್ಚಿ ಎಳೆದುಕೊಂಡು ಗೋಡೆಯ ಹತ್ತಿರ ಕೂತರು. ನಾನು ಬೆಲ್ಟು ಬಿಗಿಯುವಾಗ ಸುಧೀಂದ್ರ ಎಲ್ಲ ಹೇಳಿದರು. ಆಶ್ರಿತ್ ಆಸ್ಟಿನ್‌ನಲ್ಲಿ ಕೆಲಸಕ್ಕಿದ್ದ. ಹೊಸ ಪೈಪು, ಹೊಸ ಸೈಲೆನ್ಸರ್ ತಾನೇ ಕೂಡಿಸಿ, ಹದಿನೆಂಟು ಎಚ್‌ಪಿ ಹೆಚ್ಚಾಗಿದೆ ಅಂದನಂತೆ. ಹೆಚ್ಚಾಗಿರುವುದು ಸದ್ದು ಮಾತ್ರ ಅಂದರಂತೆ ಇವರು. ಎಂಟು ತಿಂಗಳು, ಪ್ರತಿ ಭಾನುವಾರದ ಫೋನಿನಲ್ಲಿ ಅದೇ ವಾದ. ಆಮೇಲೆ ಒಂದು ಮಂಗಳವಾರ ಆಫೀಸಿನಲ್ಲೇ ಅವನ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಇಪ್ಪತ್ತನಾಲ್ಕು ವಯಸ್ಸು.

“ಅವನು ಹೇಳಿದ್ದು ನಿಜ ಅಂತ ಗೊತ್ತಾದ್ರೆ ಸಾಕು ಅಂಕಲ್. ಫೋಟೊ ಮುಂದೆ ನಿಂತ್ಕೊಂಡು, ನಾನು ಸೋತೆ ಕಣೋ ಅಂತ ಹೇಳ್ಬೇಕು.”

ಮೂರು ಸಲ ಓಡಿಸಿದೆ. ನೂರ ಎಪ್ಪತ್ತೆರಡು, ಎಪ್ಪತ್ತೊಂದು, ಮತ್ತೆ ಎಪ್ಪತ್ತೆರಡು. ಸುಧೀಂದ್ರ ಫೋನು ತೆಗೆದು ನೋಡಿದರು. ಕಂಪನಿಯವರು ಇನ್ನೂರು ಎಂದು ಬರೆದಿದ್ದಾರೆ. ಹಾಗಾದರೆ ಇದ್ದದ್ದೂ ಕಡಿಮೆಯಾಯಿತೇ ಎಂದರು. ಕಂಪನಿಯವರು ಎಂಜಿನ್ ಹತ್ತಿರವೇ ಅಳೆಯುತ್ತಾರೆ, ಚಕ್ರಕ್ಕೆ ಬರುವಷ್ಟರಲ್ಲಿ ಒಂದಿಷ್ಟು ದಾರಿಯಲ್ಲೇ ಕರಗುತ್ತದೆ, ಎರಡನ್ನೂ ಹೋಲಿಸಬಾರದು ಎಂದು ತಿಳಿಸಿ ಹೇಳಿದೆ.

“ಮತ್ತೆ ಅವನು ಎಷ್ಟು ಜಾಸ್ತಿ ಮಾಡಿದ್ದ ಅಂತ ಹೇಗೆ ಗೊತ್ತಾಗತ್ತೆ?”

“ಇವನ್ನ ಬಿಚ್ಚಿ ಹಳೇವು ಹಾಕಿ ಅಳೀಬೇಕ್ರಿ. ಇವತ್ತ, ಇದ ಮಷಿನ್ ಮ್ಯಾಲ.”

ಮಧುರಾ ಎದ್ದು ಬಂದರು. ಬಾನೆಟ್ ಒಳಗೆ ನೋಡಿದರು. ಆಶ್ರಿತ್ ಪ್ರತಿ ಬೋಲ್ಟು ಬಿಗಿದ ಮೇಲೆ ಅದಕ್ಕೂ ಪೈಪಿಗೂ ಸೇರಿಸಿ ಬಿಳಿ ಬಣ್ಣದ ಸಣ್ಣ ಗೆರೆ ಎಳೆದಿದ್ದ. ಬೋಲ್ಟು ಸಡಿಲವಾದರೆ ಗೆರೆ ತಪ್ಪಿ ಗೊತ್ತಾಗಲಿ ಎಂದು ಒಳ್ಳೆಯ ಮೆಕ್ಯಾನಿಕ್ಕುಗಳು ಹಾಗೆ ಮಾಡುತ್ತಾರೆ. ಒಂದು ಗೆರೆಯೂ ತಪ್ಪಿರಲಿಲ್ಲ.

“ಬಿಚ್ಚಬೇಡಿ,” ಎಂದರು. “ಅವನ ಕೈಯಾರೆ ಬಿಗಿದಿದ್ದು.”

ಬಿಚ್ಚದೆ ತಿಳಿಯುವುದಿಲ್ಲವಲ್ಲ ಎಂದು ಗಂಡ ಮೆಲ್ಲಗೆ ಹೇಳಿದರು. ನಾನು ಸ್ಪ್ಯಾನರ್ ಕೆಳಗಿಟ್ಟು ಕಾದೆ. ಬಿಚ್ಚಲೇ ಎಂದು ಎರಡು ಸಲ ಮಧುರಾ ಅವರನ್ನೇ ಕೇಳಿದೆ. ಎರಡನೆಯ ಸಲ, ಇವರಿಗೆ ಬೇಕಲ್ಲ, ಬಿಚ್ಚಿ ಎಂದು ಹೇಳಿ ಕುರ್ಚಿಗೆ ಹೋಗಿ ಕೂತರು.

ಹಳೆಯವನ್ನು ಕೂಡಿಸಿದ ಮೇಲೆ ಎಂಜಿನ್ ಬೆಳಗಿನಷ್ಟೇ ಬಿಸಿಗೆ ಇಳಿಯಲಿ ಎಂದು ಕಾಯಬೇಕಿತ್ತು. ಕಾದ ಎಂಜಿನ್ ಬಲ ಕಡಿಮೆ ತೋರಿಸುತ್ತದೆ. ಸಾಮಾನು ಮಾರುವವರು ಕೆಲವರು ಹಾಗೇ ಮಾಡುತ್ತಾರೆ: ಹಳೆಯದನ್ನು ಬಿಸಿಯಲ್ಲಿ ಅಳೆದು, ಹೊಸದನ್ನು ತಣ್ಣಗಿದ್ದಾಗ ಅಳೆದು, ವ್ಯತ್ಯಾಸ ಹಿಗ್ಗಿಸುತ್ತಾರೆ. ಆಗಲೇ ಓಡಿಸಿಬಿಟ್ಟಿದ್ದರೆ ನನ್ನ ಕೈಯಲ್ಲೂ ಹತ್ತು ಎಚ್‌ಪಿ ವ್ಯತ್ಯಾಸ ಬರುತ್ತಿತ್ತೇನೋ. ಆ ಯೋಚನೆ ಬರಲಿಲ್ಲ ಎಂದು ಹೇಳಲಾರೆ. ಫ್ಯಾನು ಹಾಕಿ ಒಂದೂವರೆ ಗಂಟೆ ಕಾದೆ. ಟೈರಿನ ಗಾಳಿ ಮತ್ತೆ ನೋಡಿದೆ. ಮಧುರಾ ತಿಂಡಿಯ ಡಬ್ಬಿ ತೆಗೆದು ನನಗೂ ಅವಲಕ್ಕಿ ಕೊಟ್ಟರು. ಅವರಿಬ್ಬರೂ ತಿನ್ನಲಿಲ್ಲ.

ನೂರ ಅರವತ್ತೊಂಬತ್ತು. ಅರವತ್ತೆಂಟು. ಅರವತ್ತೊಂಬತ್ತು.

“ಮೂರ ಹೆಚ್ಚಾಗೇದ್ರಿ,” ಎಂದೆ. “ಅದರಾಗೂ ಈ ಮಷಿನ್ ಒಂದೆರಡು ಆ ಕಡೆ ಈ ಕಡೆ ಆಗ್ತದ.”

ಸುಧೀಂದ್ರ ಪರದೆಯ ಹತ್ತಿರ ಬಂದರು. “ಅಂದ್ರೆ ನಾನು ಹೇಳಿದ್ದೇ ಸರಿ,” ಎಂದರು. ಗೆದ್ದವನೊಬ್ಬ ಅಷ್ಟು ಕುಗ್ಗಿಹೋದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

“ಅವನಿಗೆ ಗೊತ್ತಿತ್ತು,” ಎಂದರು ಮಧುರಾ, ಕೂತಲ್ಲಿಂದಲೇ.

ಪೈಪು ಹಾಕಿದ ಎರಡನೆಯ ತಿಂಗಳಿಗೇ ಆಶ್ರಿತ್ ಆಸ್ಟಿನ್‌ನಲ್ಲಿ ಯಾವುದೋ ಗ್ಯಾರೇಜಿಗೆ ಹೋಗಿ, ಹಳೆಯದು ಹೊಸದು ಎರಡನ್ನೂ ಹಾಕಿ ಅಳತೆ ಮಾಡಿಸಿಕೊಂಡು ಬಂದಿದ್ದನಂತೆ. ಮೂರೇ ಬಂತು ಎಂದು ತಾಯಿಗೆ ಫೋನು ಮಾಡಿ ನಕ್ಕನಂತೆ. ಅಪ್ಪನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡನಂತೆ.

“ಗೊತ್ತಿದ್ದೂ ಪ್ರತಿ ಭಾನುವಾರ ನನ್ ಜೊತೆ ಯಾಕೆ ಜಗಳ ಆಡ್ತಿದ್ದ?”

“ಅದಕ್ಕೆ ಮುಂಚೆ ನೀವಿಬ್ರೂ ಫೋನಲ್ಲಿ ಎಷ್ಟ್ ಹೊತ್ತು ಮಾತಾಡ್ತಿದ್ರಿ, ಹೇಳಿ.”

ಸುಧೀಂದ್ರ ಹೊರಗೆ ಹೋಗಿ ಬಿಸಿಲಲ್ಲಿ ನಿಂತರು. ಒಳಗೆ ಬಂದವರೇ, ಮಗನ ಸಾಮಾನನ್ನು ತಾವೇ ಹಾಕುವುದಾಗಿ ಸ್ಪ್ಯಾನರ್ ಕೇಳಿದರು. ಕೀಬೋರ್ಡಿನ ಮೇಲೆ ಪಳಗಿದ ಕೈ. ಯಾವ ಕಡೆಗೆ ತಿರುಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನಾನು ಪಕ್ಕದಲ್ಲಿ ನಿಂತು ಹೇಳುತ್ತಾ ಹೋದೆ. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಕಲ್ಮೇಶ ಒಂದು ಸಲ ಇಣುಕಿ ನೋಡಿ ಹೋದ.

ಹೊರಡುವಾಗ ಅಳತೆಯ ಶೀಟು ಬೇಕೇ ಎಂದು ಕೇಳಿದೆ. ಸುಧೀಂದ್ರ ಬೇಡ ಎಂದರು. ಕಾರಿನ ಬಾಗಿಲು ಹಿಡಿದುಕೊಂಡು ನಿಂತು, ಮಗ ಅಳತೆ ಮಾಡಿಸಿದ ಆಸ್ಟಿನ್‌ನ ಆ ಗ್ಯಾರೇಜು ಯಾವುದು ಎಂದು ಹೆಂಡತಿಯನ್ನು ಕೇಳಿದರು.

ಮಧುರಾ ಅವರಿಗೂ ಅದರ ಹೆಸರು ಗೊತ್ತಿರಲಿಲ್ಲ.