ಜೇಬು ಬಿಚ್ಚಿದ ಗುರುತು

ಫೋನಿನಲ್ಲಿ ಗ್ಯಾರೇಜಿನ ಮೇಸ್ತ್ರಿ ಕೇಳಿದ್ದು ಇಷ್ಟೇ: ಬಿಚ್ಚಿಟ್ಟಿರುವ ಹಳೇ ಪೈಪು ಎಷ್ಟುದ್ದ ಇದೆ, ಅಳೆದು ಹೇಳು. ಹೊಸ ಪೈಪು ತರಲು ಅವನು ಊರಿನ ಆ ತುದಿಯ ಅಂಗಡಿಗೆ ಹೋಗಿದ್ದ. ವ್ಯಾನಿನ ಯಜಮಾನ ಗ್ಯಾರೇಜಿನಿಂದ ಎದುರಿನ ತನ್ನ ಮನೆಗೆ ಕುಂಟುತ್ತ ಬಂದು, ಕಿಟಕಿಯೊಳಗೆ ಕೈ ಚಾಚಿ ಹೆಂಡತಿಯ ಟೇಪು ಕೇಳಿದ.

ಹೆಂಡತಿ ಹೊಲಿಗೆಯವಳು. ಬೀದಿಗೆಲ್ಲ ಟೈಲರಮ್ಮ. ಕತ್ತಿನಲ್ಲಿದ್ದ ಟೇಪು ತೆಗೆದು ಕೊಟ್ಟಳು, ಯಾತಕ್ಕೆಂದು ಕೇಳಲಿಲ್ಲ. ಅವಳ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಮುಹೂರ್ತ ನೋಡಬೇಕು ಎಂದು ಅತ್ತೆ ಆಡಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಸ್ವಲ್ಪ ಹೊತ್ತಿನಲ್ಲೇ ಗ್ಯಾರೇಜಿನಿಂದ ಠಣ್ ಠಣ್ ಎಂದು ಸುತ್ತಿಗೆಯ ಸದ್ದು ಬಂತು. ಅಳತೆಗೂ ಸುತ್ತಿಗೆಗೂ ಏನು ಸಂಬಂಧ ಎಂಬ ಯೋಚನೆ ಅವಳ ತಲೆಯಲ್ಲಿ ಸುಳಿಯಿತು. ಆದರೆ ಸೂಜಿಯ ಕೆಳಗೆ ಒಂದು ಕಾಲರ್ ಇತ್ತು. ಕಾಲರ್ ಮುಗಿಸಿದಳು.

ಮೇಸ್ತ್ರಿ ಹೊಸ ಪೈಪನ್ನು ಹೆಗಲ ಮೇಲೆ ಹೊತ್ತು ಬಂದವನು ಗ್ಯಾರೇಜಿನ ಬಾಗಿಲಲ್ಲೇ ನಿಂತುಬಿಟ್ಟ. ಹೋಗುವಾಗ ನೆಲದ ಮೇಲೆ ಹತ್ತಾರು ತಿರುವುಗಳ ಎರಡು ಪೈಪು ಬಿಟ್ಟು ಹೋಗಿದ್ದ. ಈಗ ಅಲ್ಲಿ ಕೋಲಿನಂಥ ಎರಡು ಪೈಪು ಮಲಗಿದ್ದವು.

"ಅಳತೆ ಸರಿಯಾಗಿ ಸಿಗ್ಲಿ ಅಂತ ನೆಟ್ಟಗೆ ಮಾಡ್ದೆ," ಎಂದ ಯಜಮಾನ, ಹೆಮ್ಮೆಯಿಂದಲೇ.

ಮೇಸ್ತ್ರಿ ಹೆಗಲ ಪೈಪನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. "ನಾಯಿ ಬಾಲ ನೆಟ್ಟಗೆ ಮಾಡೋಕೆ ಹೋಗಿ ಲೋಕವೇ ಸೋತಿದೆ. ನೀನು ಗೆದ್ದುಬಿಟ್ಟೆಯಲ್ಲ, ಮಹಾರಾಯ."

ಆಮೇಲೆ ವಿಷಯ ಬಿಡಿಸಿ ಹೇಳಿದ. ವ್ಯಾನಿನ ಗೇರ್ ಬಾಕ್ಸಿನ ಎಣ್ಣೆ ಒಂದು ಪೈಪಿನಲ್ಲಿ ಮುಂದಿನ ರೇಡಿಯೇಟರಿಗೆ ಹೋಗಿ, ತಣ್ಣಗಾಗಿ, ಇನ್ನೊಂದರಲ್ಲಿ ವಾಪಸು ಬರಬೇಕು. ಹಳೆಯವು ತುಕ್ಕು ಹಿಡಿದು ತೂತಾಗಿದ್ದವು. ಹೊಸದನ್ನು ಹಳೆಯದರ ಪಕ್ಕ ಇಟ್ಟು, ತಿರುವಿಗೆ ತಿರುವು ನೋಡಿಕೊಂಡು ಬಗ್ಗಿಸಬೇಕಿತ್ತು. ಇಂಥ ವ್ಯಾನು ಈಗ ಯಾರೂ ಮಾಡುವುದಿಲ್ಲ, ಹಾಗಾಗಿ ಬಗ್ಗಿಸಿದ ಪೈಪೂ ಎಲ್ಲೂ ಸಿಗುವುದಿಲ್ಲ. ಅಂದಾಜಿನ ಮೇಲೆ ಬಗ್ಗಿಸಿ ತಪ್ಪಾದರೆ ಮತ್ತೆ ಬಿಡಿಸುವ ಹಾಗಿಲ್ಲ, ಒಳಗೆ ಮುರುಟಿ ಎಣ್ಣೆಯ ದಾರಿ ಕಟ್ಟಿಕೊಳ್ಳುತ್ತದೆ. ಅಂಗಡಿಯಲ್ಲಿ ಉಳಿದಿದ್ದುದು ಇಷ್ಟೇ ಪೈಪು. ಪೂರ್ತಿ ರಬ್ಬರ್ ಹಾಕೋಣವೆಂದರೆ ಪಕ್ಕದಲ್ಲೇ ಕಾದ ಸೈಲೆನ್ಸರ್. ಇನ್ನೊಂದು ಇಂಥದೇ ವ್ಯಾನು ಎಲ್ಲಾದರೂ ಸಿಗುವವರೆಗೆ ಕಾಯಬೇಕು ಎಂದ.

ಯಜಮಾನನ ಮುಖ ಇಳಿಯಿತು. ನಾಳೆ ಬೆಳಿಗ್ಗೆ ಆಸ್ಪತ್ರೆಯ ಒಗೆದ ಬಟ್ಟೆಗಳನ್ನು ಮುಟ್ಟಿಸಬೇಕಿತ್ತು. ಎರಡು ಸಲ ತಪ್ಪಿಸಿದ್ದಾಗಿತ್ತು. ಮೂರನೆಯ ಸಲ ತಪ್ಪಿದರೆ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದು ಆಸ್ಪತ್ರೆಯವರು ಹೇಳಿಯೂ ಆಗಿತ್ತು.

ಬೇರೆ ಗಾಡಿ ಅವರಿಗೆ ಸಿಕ್ಕೀತು, ಇವನಿಗೆ ಸಿಗುವುದಿಲ್ಲ. ಕಟ್ಟಡದ ಸಾರುವೆಯಿಂದ ಬಿದ್ದ ಮೇಲೆ ಅವನ ಎಡಗಾಲಿನಲ್ಲಿ ಬಲವಿರಲಿಲ್ಲ. ಕ್ಲಚ್ ಒತ್ತುವ ಕೆಲಸವಿಲ್ಲದ, ತಾನಾಗಿ ಗೇರ್ ಬದಲಿಸಿಕೊಳ್ಳುವ ಈ ಮುದಿ ವ್ಯಾನು ಕೈಗೆ ಬರುವ ಮೊದಲು ಅವನು ಮನೆಯಲ್ಲೇ ಕೂತಿದ್ದ. ಆ ದಿನಗಳು ಟೈಲರಮ್ಮನಿಗೆ ಚೆನ್ನಾಗಿ ನೆನಪಿದ್ದವು. ಮಾಡಲು ಕೆಲಸವಿಲ್ಲದೆ ಗೋಡೆ ಗಡಿಯಾರವನ್ನು ಬಿಚ್ಚಿ ಜೋಡಿಸಿದ್ದ. ಅಂದಿನಿಂದ ಅದೂ ಅವನ ಹಾಗೆ ಮುಂದಕ್ಕೇ ಓಡುತ್ತಿತ್ತು. ಕೊನೆಕೊನೆಗೆ ಅವನು ಏನನ್ನೂ ಬಿಚ್ಚುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಅವಳು ಹೆದರಿದ್ದು ಆಗ.

ಗಲಾಟೆ ಕೇಳಿ ಟೈಲರಮ್ಮ ಬೀದಿ ದಾಟಿ ಬಂದಳು, ಹಿಂದೆಯೇ ಅತ್ತೆಯೂ ಬಂದರು. "ನನ್ನ ಮಗ ಹುಟ್ಟಿದ್ದೇ ತಿಂಗಳು ತುಂಬೋಕೆ ಮುಂಚೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ ಮಾಡಿದವರು ಇವನನ್ನ ನೋಡೇ ಮಾಡಿರ್ಬೇಕು," ಎಂದರು. ಮಗ ಹಳೇ ಟೈರಿನ ಮೇಲೆ ಕೂತು ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದ.

ಟೈಲರಮ್ಮ ಆ ಟೇಪನ್ನೇ ನೋಡುತ್ತಿದ್ದಳು. ಯಾತಕ್ಕೆ ಎಂದು ತಾನು ಒಂದು ಮಾತು ಕೇಳಿದ್ದರೆ, ತಿರುವನ್ನು ದಾರದಿಂದ ಅಳೆಯಿರಿ ಎನ್ನುತ್ತಿದ್ದಳು. ಕಂಕುಳ ಸುತ್ತು ಅಳೆಯಲು ಯಾರಾದರೂ ತೋಳನ್ನು ಇಸ್ತ್ರಿ ಮಾಡಿ ಚಪ್ಪಟೆ ಮಾಡುತ್ತಾರೆಯೇ?

ಮೇಸ್ತ್ರಿ ಟಾರ್ಚು ಹಿಡಿದು ವ್ಯಾನಿನ ಅಡಿ ತೂರಿದ. ಪೈಪು ಹಿಡಿದುಕೊಂಡಿದ್ದ ಕೊಂಡಿಗಳೂ ತುಕ್ಕಿಗೆ ಉದುರಿಹೋಗಿದ್ದವು. ಬಿಚ್ಚುವಾಗ ನಟ್ಟಿನ ಮೇಲೆ ಕಣ್ಣಿಟ್ಟಿದ್ದೆನೇ ಹೊರತು ದಾರಿ ನೋಡಿಕೊಳ್ಳಲಿಲ್ಲ ಎಂದು ಒಳಗಿನಿಂದಲೇ ಗೊಣಗಿದ. ಒಂದು ತಂತಿಯನ್ನಾದರೂ ಅದೇ ದಾರಿಯಲ್ಲಿ ಬಗ್ಗಿಸಿ ಮಾದರಿ ಮಾಡಿಕೊಳ್ಳಬಹುದಿತ್ತು, ಆದರೆ ಎಲ್ಲಿ ನೋಡಿದರೂ ಕಪ್ಪು ಜಿಡ್ಡು.

"ಗುರುತು ಇರುತ್ತೆ," ಎಂದಳು ಟೈಲರಮ್ಮ.

ಎಲ್ಲರೂ ತಿರುಗಿದರು. ಮೇಸ್ತ್ರಿಯ ತಲೆಯೂ ಹೊರಬಂತು. ಅವಳ ಕಿವಿ ಬಿಸಿಯಾದವು, ಆದರೂ ಮಾತು ಮುಗಿಸಿದಳು.

"ಹಳೇ ಅಂಗಿ ಜೇಬು ಬಿಚ್ಚಿದ್ರೆ ಆ ಜಾಗ ಮಾತ್ರ ಮಾಸಿರೋದಿಲ್ಲ. ಜೇಬಿನ ಆಕಾರ ಹಾಗೇ ಉಳಿದಿರುತ್ತೆ. ಇಲ್ಲೂ ಹಾಗೇ ಇರ್ಬೇಕು."

"ಬಂದು ತೋರಿಸಮ್ಮ ಮತ್ತೆ," ಎಂದ ಮೇಸ್ತ್ರಿ.

ಹಗಲು ಹೊತ್ತಿನಲ್ಲಿ, ಬೀದಿಗೆ ಕಾಣುವ ಹಾಗೆ ವ್ಯಾನಿನ ಅಡಿಯಲ್ಲಿ ಮಲಗುವುದು ಅವಳಿಗೆ ಸಣ್ಣ ಮಾತಾಗಿರಲಿಲ್ಲ. ಹಳೇ ಹೊದಿಕೆ ಹಾಸಿ, ತಲೆಗೆ ಬಟ್ಟೆ ಕಟ್ಟಿಕೊಂಡು ತೂರಿದಳು. ನೋಡಲು ನಿಂತವರನ್ನು ಅತ್ತೆ ಬಾಗಿಲಲ್ಲೇ ತಡೆದು, ಇಲ್ಲೇನು ಸಿನಿಮಾ ನಡೀತಿಲ್ಲ, ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಸಾಗಹಾಕಿದರು.

ಒಳಗೆ ಮೊದಲು ಎಲ್ಲವೂ ಕಪ್ಪೇ. ಟಾರ್ಚನ್ನು ನೇರವಾಗಿ ಹಿಡಿಯುವುದು ಬಿಟ್ಟು ಓರೆಯಾಗಿ ಹಿಡಿಯಿರಿ ಎಂದಳು. ಮಾಸಿದ ಬಟ್ಟೆಯನ್ನು ಅವಳು ಬೆಳಕಿಗೆ ಹಾಗೇ ಹಿಡಿದು ನೋಡುವುದು. ಆಗ ಕಂಡಿತು. ಜಿಡ್ಡಿನ ನಡುವೆ, ಜಿಡ್ಡು ತೆಳುವಾಗಿ ಕೂತ ಎರಡು ಪಟ್ಟಿಗಳು ಅಕ್ಕಪಕ್ಕದಲ್ಲಿ ಅವಳಿಗಳ ಹಾಗೆ ಸಾಗಿದ್ದವು. ಒಂದು ಕಡೆ ಬಾಗಿ, ಸೈಲೆನ್ಸರಿನಿಂದ ದೂರ ಸರಿದು, ಮತ್ತೆ ಹತ್ತಿರ ಬಂದಿದ್ದವು. ಗುರುತು ಕಾಣದಾದ ಕಡೆ ಅವಳ ಬೆರಳು ತಡಕಾಡಿ ಕೊಂಡಿಯ ತೂತನ್ನು ಹುಡುಕಿತು.

"ಕಪ್ಪಲ್ಲಿ ಕಪ್ಪು ಅಂತ ಬಿಟ್ಟಿದ್ದೆ ನಾನು," ಎಂದ ಮೇಸ್ತ್ರಿ ಪಕ್ಕದಿಂದ.

ಅವಳು ಗುರುತಿನ ಮೇಲೆ ತಂತಿಯನ್ನು ಒತ್ತುತ್ತ ಹೋದಳು, ಅವನು ಅಲ್ಲಲ್ಲೇ ಬಗ್ಗಿಸುತ್ತ ಬಂದ. ಎರಡು ಪೈಪಿಗೆ ಎರಡು ತಂತಿ. ಹೊರಗೆ ಹೋದ ಮೇಲೆ ತಲೆ ಯಾವುದು ಬುಡ ಯಾವುದು ಎಂದು ಗೊಂದಲವಾಗಬಾರದೆಂದು ಗೇರ್ ಬಾಕ್ಸಿನ ತುದಿಗೆ ಕೆಂಪು ದಾರ, ರೇಡಿಯೇಟರಿನ ತುದಿಗೆ ಬಿಳಿ ದಾರ ಕಟ್ಟಿದಳು. ಹಿಂದೊಮ್ಮೆ ಅವಳು ಒಂದೇ ಅಂಗಿಗೆ ಎರಡೂ ಎಡದ ತೋಳನ್ನೇ ಕತ್ತರಿಸಿ ಕೂರಿಸಿದ್ದಳು. ಆ ಪಾಠ ಇನ್ನೂ ಮರೆತಿರಲಿಲ್ಲ.

ಮೇಸ್ತ್ರಿ ತಂತಿ ನೋಡಿಕೊಂಡು ಹೊಸ ಪೈಪು ಬಗ್ಗಿಸತೊಡಗಿದ. ಯಜಮಾನ ಎದ್ದು ಬಂದು ಪೈಪಿನ ತುದಿ ಹಿಡಿದು ನಿಂತ. ಬೇಗ ಎನ್ನಲಿಲ್ಲ, ಒಂದು ಸಲವೂ. ಮೇಸ್ತ್ರಿ ತುದಿಗಳ ಬಾಯಿ ಅರಳಿಸಿ, ಪೈಪುಗಳನ್ನು ಒಳಗೆ ಒಯ್ದು, ಹೊಸ ಕೊಂಡಿ ಹಾಕಿ ನಟ್ಟು ಬಿಗಿದ. ಮೇಲಿನಿಂದ ಕೆಂಪು ಎಣ್ಣೆ ಸುರಿದ. ಟೈಲರಮ್ಮ ಮನೆಯಿಂದ ಒಂದು ಬಿಳಿ ಬಟ್ಟೆ ತಂದು ವ್ಯಾನಿನ ಅಡಿಯಲ್ಲಿ ಹಾಸಿದಳು.

ಯಜಮಾನ ಹತ್ತಿ ಕೂತು ಎಂಜಿನ್ ಚಾಲೂ ಮಾಡಿದ. ಬ್ರೇಕ್ ಒತ್ತಿಕೊಂಡೇ ಗೇರುಗಳನ್ನು ಒಂದೊಂದಾಗಿ ಬದಲಿಸಿದ. ಮೂವರೂ ಬಗ್ಗಿ ಬಟ್ಟೆಯನ್ನೇ ನೋಡಿದರು. ಒಂದು ಕೆಂಪು ಚುಕ್ಕೆ ಮೂಡಿತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೇಸ್ತ್ರಿ ಎಂಜಿನ್ ನಿಲ್ಲಿಸಲು ಹೇಳಿ, ಒಳಗೆ ಹೋಗಿ ಒಂದು ನಟ್ಟನ್ನು ಇನ್ನಷ್ಟು ಬಿಗಿದು, ಒರೆಸಿ, ಹೊರಬಂದ. ಅವಳು ಬಟ್ಟೆಯನ್ನು ಮಗುಚಿ ಹಾಸಿದಳು. ಮತ್ತೆ ಎಂಜಿನ್. ಈ ಸಲ ಎಷ್ಟು ಹೊತ್ತು ನೋಡಿದರೂ ಬಟ್ಟೆ ಬಿಳಿಯಾಗಿಯೇ ಇತ್ತು.

ಗೇರ್ ಬಾಕ್ಸಿಗೆ ವಯಸ್ಸಾಗಿದೆ, ಎಷ್ಟು ದಿನ ಬರುತ್ತೋ ಹೇಳಲಾರೆ ಎಂದ ಮೇಸ್ತ್ರಿ. ಪೈಪಿನ ಚಿಂತೆ ಮಾತ್ರ ಬಿಡಬಹುದಂತೆ. ನೆಟ್ಟಗಾದ ಹಳೇ ಪೈಪುಗಳನ್ನು ಪರದೆ ಕಟ್ಟಲು ಬೇಕು ಎಂದು ಅತ್ತೆ ಹೊತ್ತೊಯ್ದರು.

ವ್ಯಾನು ಬೀದಿಗಿಳಿದು ಒಂದು ಸುತ್ತು ಹಾಕಿ ಮನೆಯ ಮುಂದೆ ನಿಂತಿತು. ಯಜಮಾನ ಇಳಿದು, ಸುಕ್ಕಾಗಿದ್ದ ಟೇಪನ್ನು ತೊಡೆಯ ಮೇಲೆ ಸರಿಮಾಡಿ ಹೆಂಡತಿಯ ಕೈಗಿತ್ತ.

"ಇನ್ಮೇಲೆ ಯಾತಕ್ಕೆ ಅಂತ ಹೇಳೇ ಇಸ್ಕೊಳ್ತೀನಿ," ಎಂದ.

"ಹೇಳದಿದ್ರೆ ನಾನೇ ಕೇಳ್ತೀನಿ," ಎಂದಳು ಅವಳು.

"ನೀನು? ಕೇಳ್ತೀಯ?"

"ಸುತ್ತಿಗೆ ಸದ್ದು ಬಂದ್ರೆ ಓಡಿ ಬಂದು ಕೇಳ್ತೀನಿ ರೀ."

ಅವನು ನಕ್ಕ. ನಾಳೆ ಎಷ್ಟು ಹೊತ್ತಿಗೆ ಹೊರಡುವುದು ಎಂದು ಕೇಳಿದಳು. ಅವನು ಕಿಟಕಿಯಲ್ಲಿ ಬಗ್ಗಿ ಗಡಿಯಾರದ ಕಡೆ ನೋಡಿ, ಆ ಗಡಿಯಾರ ನಂಬಬೇಡ, ಅದು ಮುಂದೆ ಓಡುತ್ತೆ, ಬೆಳಕು ಹರಿದ ಮೇಲೆ ನಿಧಾನಕ್ಕೆ ಎಬ್ಬಿಸು ಎಂದ.