ಒಣಗದ ಧೋತರ

"ಇದೊಂದು ಒಣಗಲಿ ತಡಿಯೋ ಪಾಂಡು," ಎನ್ನುತ್ತ ಭಾಗೀರಥಿಬಾಯಿ ಬೇವಿನೆಲೆ ಹಾಕಿ ಕುದಿಸಿದ ಹಂಡೆಯೊಳಗಿಂದ ಮಗನ ಮಡಿಧೋತರವನ್ನು ಕೋಲಿನಿಂದ ಎತ್ತಿದರು. ಅದನ್ನು ನಿನ್ನೆಯೂ ಕುದಿಸಿದ್ದರು, ಮೊನ್ನೆಯೂ ಕುದಿಸಿದ್ದರು.

ಸಂಪಗಾಂವಿಯಲ್ಲಿ ಪ್ಲೇಗಿನ ಇಲಿ ಬೀಳತೊಡಗಿದ ಮೇಲೆ ಊರಿಗೆ ಊರೇ ಹೊಲಕ್ಕೆ ಬಂದಿತ್ತು. ದಸರೆಯಿಂದ ಈಚೆಗೆ ತಾಯಿ ಮಗನ ಬಿಡಾರ ಮಲಕಾಜಪ್ಪನ ಹೊಲದ ಜೋಪಡಿಯಲ್ಲಿ. ಊರಿನಿಂದ ತಂದ ಅರಿವೆಗಳನ್ನು ಒಮ್ಮೆ ಕುದಿಸಿ ಬಿಸಿಲಿಗೆ ಹಾಕಬೇಕೆಂದು ಡಾಕ್ಟರು ಡಂಗುರ ಹೊಡೆಸಿದ್ದರು. ಆ ಒಮ್ಮೆ ಮುಗಿದು ಎಷ್ಟೋ ದಿನವಾಗಿತ್ತು.

ದೀಪಾವಳಿ ಕಳೆದು ಪುಣೆಯ ಕಾಲೇಜು ತೆರೆದಿತ್ತು. ಪಾಂಡುರಂಗನದು ಬಿ.ಎ. ಕೊನೆಯ ವರ್ಷ. ಹಿಂದಿನ ಪ್ಲೇಗಿನ ವರ್ಷ ಹೀಗೆಯೇ ಪುಣೆಗೆ ಹೊರಟುಹೋದ ಹಿರಿಯ ಮಗ ವೆಂಕಣ್ಣ ತಿರುಗಿ ಬರಲಿಲ್ಲ, ಅವನ ಟ್ರಂಕು ಬಂತು. ಈಗ ಅದೇ ಟ್ರಂಕನ್ನು ತುಂಬಿಕೊಂಡು ಪಾಂಡುರಂಗ ಜೋಪಡಿಯ ಬಾಗಿಲಲ್ಲಿ ಕುಳಿತಿದ್ದ. ಹೋಗಬೇಡ ಎಂದು ಭಾಗೀರಥಿಬಾಯಿ ಒಂದು ಸಲವೂ ಅಂದಿರಲಿಲ್ಲ. ಅಂದರೆ ಅವನು ಉಳಿದೇಬಿಡುತ್ತಾನೆಂದು ಅವರಿಗೆ ಗೊತ್ತಿತ್ತು. ಆದರೆ ಮಡಿಧೋತರವಿಲ್ಲದೆ ಪುಣೆಯಲ್ಲಿ ಅವನನ್ನು ಊಟದ ಪಂಕ್ತಿಗೆ ಯಾರು ಕೂಡಿಸಿಕೊಂಡಾರು? ಹಸಿಯದನ್ನು ಟ್ರಂಕಿಗೆ ಹಾಕುವ ಹಾಗೂ ಇಲ್ಲ.

ಮಲಕಾಜಪ್ಪನ ಹೆಂಡತಿ ಬಾಯವ್ವ ಮಾರುದೂರದಲ್ಲಿ ನಿಂತು ನಕ್ಕಳು. ಬಿಡಾರ ಹಾಕಿದ ದಿನದಿಂದಲೂ ಭಾಗೀರಥಿಬಾಯಿಯವರ ಮಡಿ ಕೆಟ್ಟೀತೆಂದು ಅವಳು ಅಲ್ಲಿ ತಾನೇ ಹಾಕಿಕೊಂಡ ಗೆರೆ ದಾಟಿರಲಿಲ್ಲ. ಕಟ್ಟಿಗೆಯನ್ನೂ ಸೊಪ್ಪನ್ನೂ ಅಲ್ಲಿಯೇ ಇಟ್ಟು ಕೂಗಿ ಹೇಳಿ ಹೋಗುತ್ತಿದ್ದಳು.

"ಬಾಯಾರ, ಇನ್ನೊಂದ ಕುದಿ ಬಂದ್ರ ಧೋತರ ಸಾರ ಆಗತೈತ್ರಿ. ರೊಟ್ಟಿ ತರತೇನಿ, ಅದ್ದಕೊಂಡು ತಿನ್ನೂಣು."

"ನಗು, ನಗು. ಬ್ಯಾನಿ ನಕ್ಕರ ಹೋಗ್ತದೇನು?"

ಬೆಳಗಾವಿಯ ಸ್ಟೇಷನ್ನಿಗೆ ಹೋಗಬೇಕಾದ ಗಾಡಿ ಬೇವಿನ ಮರದ ಕೆಳಗಿತ್ತು. ಮೊನ್ನೆ ಗಾಲಿಗೆ ಎಣ್ಣೆ ಹಾಕಿಲ್ಲವೆಂದು ಮಲಕಾಜಪ್ಪ ಗಾಡಿ ಹೂಡಲಿಲ್ಲ. ನಿನ್ನೆ ಬಿಳಿಯೆತ್ತು ಮೇವು ಬಿಟ್ಟಿದೆಯೆಂದ. ಇವತ್ತು ಹೂಡಿಯೇನೋ ನಿಲ್ಲಿಸಿದ್ದ, ಆದರೆ ಹಂಡೆಯಿಂದ ಧೋತರ ಮೇಲೆದ್ದದ್ದು ಕಂಡದ್ದೇ ನೊಗದ ಹತ್ತಿರ ಬಗ್ಗಿದ.

"ಎತ್ತಿಗೆ ಇವತ್ತೂ ಸಮಾ ಇಲ್ರಿ ಬಾಯಾರ. ಬಿಚ್ಚತೇನಿ."

ಭಾಗೀರಥಿಬಾಯಿ ಆ ಕಡೆ ನೋಡಿದರು. ಸಮಾ ಇಲ್ಲದ ಎತ್ತು ನೊಗದಡಿಯಿಂದಲೇ ಕತ್ತು ಚಾಚಿ, ಪಕ್ಕದ ಎತ್ತಿನ ಬಾಯೊಳಗಿನ ಜೋಳದ ಕಣಿಕೆಯನ್ನು ಜಗ್ಗುತ್ತಿತ್ತು.

"ಮಲಕಾಜಪ್ಪಾ, ಅದು ಛಲೋತ್ನಂಗ ತಿನ್ಲಿಕ್ಕೆ ಹತ್ತೇದಲ್ಲೋ?"

"ಈಗರ ಸುರು ಮಾಡೇತ್ರಿ..." ಅವನು ರುಮಾಲಿನೊಳಗೆ ಬೆರಳು ತೂರಿಸಿ ತಲೆ ಕೆರೆದುಕೊಂಡ.

"ಸುಳ್ಳ ಹೇಳಾಕೂ ಬರೂದಿಲ್ಲ ಈ ಮನಶ್ಯಾಗ," ಎಂದಳು ಬಾಯವ್ವ. ಆಮೇಲೆ ದನಿ ಇಳಿಸಿದಳು. "ಸಣ್ಣ ರಾಯರ ಹೇಳ್ಯಾರ್ರಿ. ಅವ್ವನ ಕೈಯಾನ ಅರಿವಿ ಒಣಗೂ ತನಾ ಗಾಡಿ ಹೊಡೀಬ್ಯಾಡ್ರಿ, ಏನರ ನೆವಾ ಹೇಳ್ರಿ ಅಂತ."

ಪಾಂಡುರಂಗ ಹಾಕಿದ್ದ ಟ್ರಂಕಿನ ಕೊಂಡಿಯನ್ನೇ ಮತ್ತೆ ತೆಗೆದು ಹಾಕುತ್ತಿದ್ದ. ತಲೆ ಎತ್ತಲಿಲ್ಲ.

"ಇವತ್ತಿನ ರೈಲು ತಪ್ಪಿದ್ರ ಏನಾಗ್ತದೋ ಪಾಂಡು?"

"ಟರ್ಮು ಹೋಗ್ತದ ಅವ್ವಾ. ಹೋಗ್ಲಿ. ಮುಂದಿನ ವರ್ಷ ಪರೀಕ್ಷಾಕ್ಕ ಕೂತರಾತು."

ಅವನು ಅದನ್ನು ಎಷ್ಟು ಹಗುರಾಗಿ ಅಂದನೆಂದರೆ, ಅಷ್ಟೇ ಹಗುರಾಗಿ ಹೋಗಿಬರುತ್ತೇನೆಂದಿದ್ದ ವೆಂಕಣ್ಣನ ದನಿಯನ್ನೇ ಕೇಳಿದಂತಾಗಿ ಭಾಗೀರಥಿಬಾಯಿ ಕೋಲು ಹಿಡಿದು ಹಾಗೆಯೇ ನಿಂತರು. ಧೋತರದಿಂದ ನೀರು ತೊಟ್ಟಿಕ್ಕುತ್ತಿತ್ತು. ಜೋಳದ ಬೆಳೆಯ ಮೇಲಿಂದ ಮೂಡಗಾಳಿ ಬೀಸುತ್ತಿತ್ತು. ಹೀಗೆ ಕೋಲಿಗೆ ಹಾಕಿದರೆ ಅದು ಒಣಗಲು ಸಂಜೆಯಾಗುತ್ತದೆ. ಎರಡು ಕಡೆ ಹಿಡಿದರೆ ಗಳಿಗೆಯ ಮಾತು.

ಅವರು ಧೋತರವನ್ನು ಹಿಂಡಿ, ಒಂದು ತುದಿ ತಾವು ಹಿಡಿದು, ಇನ್ನೊಂದನ್ನು ಮುಂದೆ ಚಾಚಿದರು.

"ಬಾಯವ್ವಾ, ಬಾ. ಹಿಡಿ ಇದನ್ನ."

ಬಾಯವ್ವನ ನಗೆ ನಿಂತಿತು. "ನಾನ್ರಿ? ಮಡೀದಲ್ರಿ ಬಾಯಾರ. ಮೈಲಿಗಿ ಆಗತೈತಿ."

"ಆಗ್ಲಿ. ಲಗೂ ಹಿಡಿ, ಬಿಸಿಲೇರಿದ್ರ ಎತ್ತು ದಣೀತಾವ."

ಬಾಯವ್ವ ಕೈಗಳನ್ನು ಸೆರಗಿಗೆ ಒಂದು ಸಲ ಒರೆಸಿಕೊಂಡಳು, ಸಾಲದೆಂಬಂತೆ ಇನ್ನೊಂದು ಸಲ ಒರೆಸಿಕೊಂಡಳು. ಮೆಲ್ಲಗೆ ಗೆರೆ ದಾಟಿ ಬಂದು ತುದಿ ಹಿಡಿದಳು. ಗಾಳಿ ತುಂಬಿ ಧೋತರ ಇಬ್ಬರ ನಡುವೆ ಉಬ್ಬಿತು. ಎಳೆದೊಯ್ಯುವಂತಾದಾಗ ಇಬ್ಬರೂ ಕಾಲೂರಿ ನಿಂತರು. ಮಲಕಾಜಪ್ಪ ಬಿಚ್ಚಿದ್ದ ಎತ್ತಿನ ಕೊರಳ ಜತ್ತಿಗೆಯನ್ನು ಮತ್ತೆ ಕಟ್ಟಿದ.

ಒಣಗಿದ ಮೇಲೆ ಭಾಗೀರಥಿಬಾಯಿ ಧೋತರವನ್ನು ಮೊಣಕಾಲ ಮೇಲೆ ಹಾಕಿ ಮಡಚಿದರು. ಬಾಯವ್ವ ಹಿಡಿದಿದ್ದ ಮೂಲೆಯಲ್ಲಿ ಅವಳ ಅರಿಷಿಣದ ಬೆರಳುಗಳು ತೆಳ್ಳಗೆ ಮೂಡಿದ್ದವು. ಬಾಯವ್ವನೂ ಅದನ್ನು ಕಂಡು ತುಟಿ ಕಚ್ಚಿಕೊಂಡಳು.

ಭಾಗೀರಥಿಬಾಯಿ ಹಂಡೆಯ ಕಡೆ ನೋಡಿದರು. ಇನ್ನೂ ಹಬೆಯಾಡುತ್ತಿತ್ತು. ಆ ಮೂಲೆಯನ್ನು ಅಂಗೈಯಿಂದ ಸವರಿ ಒಳಮಡಿಕೆಗೆ ಸೇರಿಸಿ, ಧೋತರವನ್ನು ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟರು. ಆಮೇಲೆ ಒಂದು ತಂಬಿಗೆ ನೀರು ತಂದು ಹಂಡೆಯ ಕೆಳಗಿನ ಬೆಂಕಿಗೆ ಸುರಿದರು.